ಪುಕ್ಕಟೆ ಪ್ರವಾಸದ ಹಳೆಯ ಲೆಕ್ಕ

ಕೊಲ್ಲಿಯಲ್ಲಿ ದುಡಿಯುವ ನಮ್ಮ ಬಂಧುವೊಬ್ಬರು ಈಚೆಗೆ ರಜೆಯಲ್ಲಿ ಊರಿಗೆ ಬಂದಿದ್ದರು. ಬರುವ ದಾರಿಯಲ್ಲಿ ಪತ್ನಿ ಮತ್ತು ಇಬ್ಬರು ಮಕ್ಕಳೊಂದಿಗೆ ಮಾಲ್ದೀವ್ಸ್‌ನಲ್ಲಿ ಇಳಿದು, ನೀರಿನ ಮೇಲೆ ಕಟ್ಟಿದ ಮರದ ಮನೆಯಲ್ಲಿ ನಾಲ್ಕು ದಿನ ತಂಗಿದ್ದರಂತೆ. ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸಿದರು. ಮಕ್ಕಳು ಕಿಟಕಿಯಿಂದಲೇ ಮೀನು ನೋಡುತ್ತಿರುವ ಚಿತ್ರ, ವಿಮಾನದಲ್ಲಿ ಕಾಲು ಚಾಚಿ ಮಲಗಿದ ಚಿತ್ರ. ಎಷ್ಟು ಖರ್ಚಾಯಿತು ಎಂದು ಕೇಳಿದೆವು. "ಏನೂ ಇಲ್ಲ. ವಿಮಾನವೂ ಹೋಟೆಲೂ ಎಲ್ಲ ಕಾರ್ಡಿನ ಪಾಯಿಂಟಿನಲ್ಲೇ ಆಯಿತು" ಎಂದರು. ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ಅವರ ತಾಯಿ ತಲೆಯೆತ್ತಿ, "ಹಾಗಾದರೆ ಹೋಟೆಲಿನವನಿಗೆ ದುಡ್ಡು ಕೊಟ್ಟವರು ಯಾರು ಮಗಾ?" ಎಂದು ಕೇಳಿದರು.

ಎಲ್ಲರೂ ನಕ್ಕೆವು. ನಕ್ಕಿದ್ದು ತಪ್ಪಾಯಿತೆಂದು ಆಮೇಲೆ ಅನಿಸಿತು. ಆ ಹಿರಿಯರು ಕೇಳಿದ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದ ನಾವು ತಲುಪಿದ್ದು ಸುಮಾರು ನೂರಮೂವತ್ತು ವರ್ಷ ಹಿಂದಿನ ಅಮೆರಿಕದ ಅಂಗಡಿಗಳಿಗೆ.

1891ರಲ್ಲಿ ಮಿಲ್ವಾಕಿ ನಗರದ ಶುಸ್ಟರ್ಸ್ ಎಂಬ ದೊಡ್ಡ ಮಳಿಗೆಯವರು ಕೊಂಡ ಸಾಮಾನಿನ ಜೊತೆ ನೀಲಿ ಬಣ್ಣದ ಅಂಟುಚೀಟಿಗಳನ್ನು ಕೊಡಲು ಆರಂಭಿಸಿದರು. ಇದನ್ನು ಒಂದು ಪ್ರತ್ಯೇಕ ವ್ಯಾಪಾರವನ್ನಾಗಿಯೇ ಬೆಳೆಸಿದವರು ಥಾಮಸ್ ಸ್ಪೆರಿ ಮತ್ತು ಶೆಲ್ಲಿ ಬೈರನ್ ಹಚಿನ್ಸನ್. 1896ರಲ್ಲಿ ಅವರು ಸ್ಥಾಪಿಸಿದ ಸ್ಪೆರಿ ಆ್ಯಂಡ್ ಹಚಿನ್ಸನ್ ಕಂಪೆನಿ ಯಾವ ದಿನಸಿಯನ್ನೂ ಮಾರುತ್ತಿರಲಿಲ್ಲ. ಅದು ಮಾರುತ್ತಿದ್ದುದು ಹಸಿರು ಚೀಟಿಗಳನ್ನು, ಅದೂ ಅಂಗಡಿಯವರಿಗೆ. ಅಂಗಡಿಯವನು ಚೀಟಿಗಳನ್ನು ಕೊಂಡು, ಗಿರಾಕಿಯ ಪ್ರತಿ ಹತ್ತು ಸೆಂಟಿನ ಖರೀದಿಗೆ ಒಂದರಂತೆ ಹಂಚುತ್ತಿದ್ದ. ಗೃಹಿಣಿಯರು ಅದನ್ನು ಮನೆಗೆ ತಂದು, ನಾಲಗೆಯಿಂದ ತೇವ ಮಾಡಿ ಪುಸ್ತಕದಲ್ಲಿ ಅಂಟಿಸುತ್ತಿದ್ದರು. ಒಂದು ಪುಸ್ತಕ ತುಂಬಲು 1,200 ಚೀಟಿ ಬೇಕು. ತುಂಬಿದ ಪುಸ್ತಕಗಳನ್ನು ಕಂಪೆನಿಯ ಕೇಂದ್ರಕ್ಕೆ ಒಯ್ದರೆ ಲ್ಯಾಂಪು, ಇಸ್ತ್ರಿಪೆಟ್ಟಿಗೆ, ಕಂಬಳಿ, ಮಕ್ಕಳ ಸೈಕಲ್ಲು ಸಿಗುತ್ತಿತ್ತು. ಎರಡನೇ ಮಹಾಯುದ್ಧದ ನಂತರ ಸೂಪರ್ ಮಾರ್ಕೆಟುಗಳೂ ಪೆಟ್ರೋಲ್ ಬಂಕುಗಳೂ ಈ ಚೀಟಿಯ ಬೆನ್ನು ಹತ್ತಿದವು. 1960ರ ದಶಕದಲ್ಲಿ ಅಮೆರಿಕದ ಅಂಚೆ ಇಲಾಖೆ ಅಚ್ಚು ಹಾಕುತ್ತಿದ್ದ ಅಂಚೆ ಚೀಟಿಗಳಿಗಿಂತ ಮೂರು ಪಟ್ಟು ಹೆಚ್ಚು ಹಸಿರು ಚೀಟಿಗಳನ್ನು ತಾನು ಹೊರತರುತ್ತಿರುವುದಾಗಿ ಕಂಪೆನಿ ಹೇಳಿಕೊಳ್ಳುತ್ತಿತ್ತು. 1962ರಲ್ಲಿ ಆ್ಯಂಡಿ ವಾರ್ಹೋಲ್ ಎಂಬ ಕಲಾವಿದ ಅದನ್ನೇ ಸಾಲುಸಾಲಾಗಿ ಚಿತ್ರಿಸಿದ. ಆ ಕಾಲದ ಅಮೆರಿಕದ ಅಡುಗೆಮನೆಯ ಖಾನೆಯನ್ನು ಎಳೆದರೆ ಹಸಿರು ಪುಸ್ತಕ ಕೈಗೆ ಬರದಿರುವುದು ಅಪರೂಪ.

ಚೀಟಿಗಳಿಗಾಗಿ ಅಂಗಡಿಯವನಿಗೆ ತಗಲುತ್ತಿದ್ದ ವೆಚ್ಚ ಅವನ ಒಟ್ಟು ವ್ಯಾಪಾರದ ಸುಮಾರು ಶೇ. 2ರಷ್ಟು. ಈ ಅಂಕಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಬೀದಿಯಲ್ಲಿ ಮೊದಲು ಚೀಟಿ ಕೊಡಲು ಆರಂಭಿಸಿದ ಅಂಗಡಿಗೆ ಗಿರಾಕಿಗಳು ಹೆಚ್ಚುತ್ತಿದ್ದರು, ಅವನ ಖರ್ಚು ಅದರಲ್ಲೇ ಹುಟ್ಟುತ್ತಿತ್ತು. ಎದುರಿನವನೂ ಪಕ್ಕದವನೂ ಕೊಡತೊಡಗಿದ ಮೇಲೆ ಯಾರ ಗಿರಾಕಿಯೂ ಹೆಚ್ಚುವುದಿಲ್ಲ, ಶೇ. 2ರ ವೆಚ್ಚ ಮಾತ್ರ ಎಲ್ಲರ ತಲೆಯ ಮೇಲೂ ಉಳಿಯುತ್ತದೆ. ಆಗ ಅದು ಸದ್ದಿಲ್ಲದೆ ಬ್ರೆಡ್ಡು, ಹಾಲಿನ ಬೆಲೆಯೊಳಗೆ ಸೇರಿಕೊಳ್ಳುತ್ತದೆ.

ಇದನ್ನು ಮೊದಲು ಬಹಿರಂಗವಾಗಿ ಹೇಳಿದವರು ಅರ್ಥಶಾಸ್ತ್ರದ ಪ್ರೊಫೆಸರುಗಳಲ್ಲ, ಮನೆವಾರ್ತೆ ನಡೆಸುವ ಹೆಂಗಸರು. 1966ರ ಅಕ್ಟೋಬರಿನಲ್ಲಿ ಕೊಲರಾಡೊ ರಾಜ್ಯದ ಡೆನ್ವರ್ ನಗರದ ಗೃಹಿಣಿಯರು ಬೆಲೆಯೇರಿಕೆಯನ್ನು ವಿರೋಧಿಸಿ ಸೂಪರ್ ಮಾರ್ಕೆಟುಗಳನ್ನು ಬಹಿಷ್ಕರಿಸಿದರು. ನಮಗೆ ನಿಮ್ಮ ಚೀಟಿಯೂ ಬೇಡ, ಲಾಟರಿಯಂಥ ಆಟಗಳೂ ಬೇಡ, ಬೆಲೆ ಇಳಿಸಿದರೆ ಸಾಕು ಎಂಬುದು ಅವರ ಬೇಡಿಕೆಯಾಗಿತ್ತು. ಚಳವಳಿ ಬೇರೆ ನಗರಗಳಿಗೂ ಹಬ್ಬಿತು. ಚೀಟಿ ಪುಸ್ತಕವನ್ನು ಅತ್ಯಂತ ಶ್ರದ್ಧೆಯಿಂದ ತುಂಬುತ್ತಿದ್ದ ವರ್ಗವೇ ಅದರ ಲೆಕ್ಕವನ್ನೂ ಮೊದಲು ಹಿಡಿಯಿತು ಎಂಬುದು ನಮಗೆ ಬಹಳ ಹಿಡಿಸಿದ ಸಂಗತಿ.

ಬ್ರಿಟನ್ನಿನಲ್ಲಿ ಇದು ಇನ್ನೂ ನಿಚ್ಚಳವಾಗಿ ಕಂಡಿತು. ಅಲ್ಲಿ ರಿಚರ್ಡ್ ಟಾಂಪ್ಕಿನ್ಸ್ 1958ರಲ್ಲಿ ಗ್ರೀನ್ ಶೀಲ್ಡ್ ಚೀಟಿಗಳನ್ನು ತಂದ. ಟೆಸ್ಕೊ ಮಳಿಗೆಗಳು 1963ರಿಂದ ಅದನ್ನು ಹಂಚಿದವು. 1977ರಲ್ಲಿ ಟೆಸ್ಕೊ ಚೀಟಿಯನ್ನು ಕೈಬಿಟ್ಟು, ಉಳಿದ ಹಣದಲ್ಲಿ ಸಾಮಾನುಗಳ ಬೆಲೆ ಇಳಿಸಿತು. ಜನ ಮುಗಿಬಿದ್ದರು. ಅಂದರೆ ಇಷ್ಟು ವರ್ಷ ಚೀಟಿಯ ಹಣವನ್ನು ಕೊಡುತ್ತಿದ್ದವರು ಯಾರೆಂದು ಆ ಒಂದೇ ವಾರದಲ್ಲಿ ಬಯಲಾಯಿತು. ಅದೇ ಟೆಸ್ಕೊ 1995ರಲ್ಲಿ ಕ್ಲಬ್‌ಕಾರ್ಡ್ ಎಂಬ ಹೆಸರಿನಲ್ಲಿ ಪಾಯಿಂಟುಗಳನ್ನು ಮತ್ತೆ ತಂದಿತೆನ್ನಿ. ಮನುಷ್ಯನಿಗೆ ಪುಕ್ಕಟೆಯ ಮೇಲಿರುವ ಮೋಹ ಹದಿನೆಂಟು ವರ್ಷಗಳಲ್ಲಿ ಹೋಗುವಂಥದ್ದಲ್ಲ.

ಇತ್ತ ಕಾರ್ಡಿನ ಕಥೆ ಬೇರೊಂದು ದಾರಿಯಲ್ಲಿ ಸಾಗಿತ್ತು. 1950ರಲ್ಲಿ ನ್ಯೂಯಾರ್ಕಿನಲ್ಲಿ ಫ್ರಾಂಕ್ ಮೆಕ್‌ನಮಾರ ಡೈನರ್ಸ್ ಕ್ಲಬ್ ಸ್ಥಾಪಿಸಿದ. ಹೋಟೆಲಿಗೆ ಪರ್ಸು ಮರೆತು ಹೋದಾಗ ಅವನಿಗೆ ಈ ಯೋಚನೆ ಹೊಳೆಯಿತೆಂಬ ಕಥೆ ಪ್ರಸಿದ್ಧ. ಅದು ಪ್ರಚಾರಕ್ಕೆಂದೇ ಕಟ್ಟಿದ್ದು ಎನ್ನುವವರೂ ಇದ್ದಾರೆ. ಗ್ರಾಹಕ ತಿಂಗಳ ಕೊನೆಗೆ ಹಣ ತುಂಬುತ್ತಿದ್ದ, ಹೋಟೆಲಿನವನು ಬಿಲ್ಲಿನ ಶೇ. 7ರಷ್ಟನ್ನು ಕ್ಲಬ್ಬಿಗೆ ಬಿಟ್ಟುಕೊಡುತ್ತಿದ್ದ. 1958ರ ಸೆಪ್ಟೆಂಬರಿನಲ್ಲಿ ಬ್ಯಾಂಕ್ ಆಫ್ ಅಮೆರಿಕ ಇನ್ನೂ ದೊಡ್ಡ ಸಾಹಸಕ್ಕಿಳಿಯಿತು. ಕ್ಯಾಲಿಫೋರ್ನಿಯಾದ ಫ್ರೆಸ್ನೊ ಪಟ್ಟಣದ 60,000 ಜನರಿಗೆ, ಅವರು ಕೇಳದಿದ್ದರೂ, ಅಂಚೆಯಲ್ಲಿ ಕಾರ್ಡು ಕಳುಹಿಸಿತು. ಶೇ. 4ರಷ್ಟು ಮಂದಿ ಬಾಕಿ ಉಳಿಸಿಕೊಳ್ಳಬಹುದೆಂದು ಬ್ಯಾಂಕಿನವರು ಎಣಿಸಿದ್ದರೆ, ಉಳಿಸಿಕೊಂಡವರು ಶೇ. 22. ಇಂದಿನ ವೀಸಾದ ಮೂಲ ಇದೇ ಕಾರ್ಡು.

ಆದರೂ ಬಡ್ಡಿಗೆ ಅಮೆರಿಕದ ಹಲವು ರಾಜ್ಯಗಳು ಹಾಕಿದ್ದ ಮಿತಿ ಬ್ಯಾಂಕುಗಳ ಕೈ ಕಟ್ಟಿತ್ತು. 1978ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಬ್ಯಾಂಕು ಯಾವ ರಾಜ್ಯದಲ್ಲಿ ನೆಲೆಗೊಂಡಿದೆಯೋ ಆ ರಾಜ್ಯದ ಬಡ್ಡಿಯ ದರವನ್ನೇ ಇತರ ರಾಜ್ಯಗಳ ಗ್ರಾಹಕರಿಗೂ ಹಾಕಬಹುದೆಂದು ತೀರ್ಪಿತ್ತಿತು. ಸೌತ್ ಡಕೋಟಾ ಎಂಬ ಬಡ ಕೃಷಿ ರಾಜ್ಯ ಬಡ್ಡಿಯ ಮಿತಿಯನ್ನೇ ತೆಗೆದುಹಾಕಿ ಬ್ಯಾಂಕುಗಳನ್ನು ಕರೆಯಿತು. 1981ರಲ್ಲಿ ಸಿಟಿಬ್ಯಾಂಕ್ ತನ್ನ ಕಾರ್ಡು ವ್ಯವಹಾರವನ್ನು ನ್ಯೂಯಾರ್ಕಿನಿಂದ ಆ ರಾಜ್ಯದ ಸೂಫಾಲ್ಸ್ ಪಟ್ಟಣಕ್ಕೆ ಸ್ಥಳಾಂತರಿಸಿತು. ಬಡ್ಡಿಯನ್ನು ನಿಷಿದ್ಧವೆಂದು ಬಗೆಯುವ ನಮ್ಮಂಥವರಿಗೆ ಮಾತ್ರವಲ್ಲ, ಬಡ್ಡಿಗೊಂದು ಮೇರೆ ಇರಲಿ ಎಂದು ಬಯಸಿದ ಅಮೆರಿಕದ ಸಾಮಾನ್ಯ ಪ್ರಜೆಗೂ ಅದು ಸೋಲಿನ ವರ್ಷಗಳು. ಮುಂದೆ ಪಾಯಿಂಟುಗಳ ಅರಮನೆ ಎದ್ದುನಿಂತದ್ದು ಈ ಅಡಿಪಾಯದ ಮೇಲೆಯೇ.

ವಿಮಾನಗಳು ಇದರೊಳಗೆ ಹೇಗೆ ಬಂದವು? 1978ರ ಅಕ್ಟೋಬರಿನಲ್ಲಿ ಅಮೆರಿಕ ಸರಕಾರವು ವಿಮಾನ ದರ, ಮಾರ್ಗಗಳ ಮೇಲಿನ ನಿಯಂತ್ರಣವನ್ನು ಸಡಿಲಿಸುವ ಕಾನೂನು ತಂದಿತು. ಕಂಪೆನಿಗಳ ಮಧ್ಯೆ ಪೈಪೋಟಿ ಹೊತ್ತಿತು. ಪದೇ ಪದೇ ಹಾರುವ ಗಿರಾಕಿಯನ್ನು ಹಿಡಿದಿಟ್ಟುಕೊಳ್ಳಲು ಅಮೆರಿಕನ್ ಏರ್‌ಲೈನ್ಸ್ 1981ರ ಮೇ 1ರಂದು 'ಅಡ್ವಾಂಟೇಜ್' ಯೋಜನೆ ಆರಂಭಿಸಿತು. ಟಿಕೆಟು ಕಾದಿರಿಸುವ 'ಸೇಬರ್' ಎಂಬ ಕಂಪ್ಯೂಟರ್ ವ್ಯವಸ್ಥೆ ಅದರ ಬಳಿ ಮೊದಲೇ ಇತ್ತು, ಯಾರು ಎಷ್ಟು ಹಾರುತ್ತಾರೆಂದು ತಿಳಿಯುವುದು ಕಷ್ಟವಾಗಲಿಲ್ಲ. ಅದೇ ತಿಂಗಳಲ್ಲಿ ಯುನೈಟೆಡ್ ಏರ್‌ಲೈನ್ಸ್ ಕೂಡ ಅಂಥದ್ದೇ ಯೋಜನೆ ಘೋಷಿಸಿತು. ಹಸಿರು ಚೀಟಿಯ ಕಾಲದ ಬೀದಿಯ ಕಥೆಯೇ ಇಲ್ಲಿ ಆಕಾಶದಲ್ಲಿ ಮರುಕಳಿಸಿತು.

ಆದರೆ ಒಂದು ವ್ಯತ್ಯಾಸವಿತ್ತು. ಇಸ್ತ್ರಿಪೆಟ್ಟಿಗೆಯನ್ನು ಕಂಪೆನಿ ಹಣ ಕೊಟ್ಟೇ ಕೊಳ್ಳಬೇಕು. ಖಾಲಿ ಹಾರುವ ವಿಮಾನದ ಸೀಟಿಗೆ ಅಂಥ ಖರ್ಚಿಲ್ಲ. ಹೇಗೂ ಖಾಲಿ ಹೋಗುವ ಸೀಟನ್ನು ಉಡುಗೊರೆ ಕೊಟ್ಟರೆ ಕಂಪೆನಿಗೆ ಹೋಗುವುದು ಒಂದು ಊಟ, ಸ್ವಲ್ಪ ಇಂಧನ. ಗಿರಾಕಿಯ ಕಣ್ಣಿಗೆ ಮಾತ್ರ ಅದು ಸಾವಿರಾರು ಡಾಲರಿನ ಟಿಕೆಟು. ಈ ಅಂತರದಲ್ಲೇ ದೊಡ್ಡ ವ್ಯಾಪಾರವಿದೆಯೆಂದು ಬ್ಯಾಂಕುಗಳು ಅರಿತವು. 1987ರಲ್ಲಿ ಸಿಟಿಬ್ಯಾಂಕ್ ಮತ್ತು ಅಮೆರಿಕನ್ ಏರ್‌ಲೈನ್ಸ್ ಸೇರಿ ಒಂದು ಕಾರ್ಡು ತಂದವು: ಖರ್ಚು ಮಾಡಿದ ಡಾಲರಿಗೊಂದು ಮೈಲು. ಇನ್ನು ಮೈಲು ಗಳಿಸಲು ವಿಮಾನ ಹತ್ತಬೇಕಾಗಿರಲಿಲ್ಲ, ದಿನಸಿ ಕೊಂಡರೂ ಸಾಕಿತ್ತು. 1991ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಕೂಡ ತನ್ನದೇ ಯೋಜನೆ ತಂದಿತು.

ಈಗ ಹಣದ ದಾರಿಯನ್ನು ನೋಡೋಣ. ಅಮೆರಿಕದ ಅಂಗಡಿಯೊಂದರಲ್ಲಿ ಕಾರ್ಡು ಉಜ್ಜಿ ನೂರು ಡಾಲರಿನ ಸಾಮಾನು ಕೊಂಡರೆ ಅಂಗಡಿಯವನ ಕೈಗೆ ಬರುವುದು ಸುಮಾರು 97 ಅಥವಾ 98 ಡಾಲರು. ಉಳಿದದ್ದರಲ್ಲಿ ದೊಡ್ಡ ಪಾಲು ಕಾರ್ಡು ಕೊಟ್ಟ ಬ್ಯಾಂಕಿಗೆ, ಚಿಕ್ಕ ಪಾಲು ವೀಸಾ, ಮಾಸ್ಟರ್‌ಕಾರ್ಡ್‌ನಂಥ ಜಾಲಕ್ಕೆ ಮತ್ತು ಅಂಗಡಿಯವನ ಬ್ಯಾಂಕಿಗೆ. ಕಾರ್ಡು ಕೊಟ್ಟ ಬ್ಯಾಂಕು ಆ ಹಣದಲ್ಲಿ ಒಂದಂಶದಿಂದ ವಿಮಾನ ಕಂಪೆನಿಯ ಮೈಲುಗಳನ್ನು ಸಗಟಾಗಿ ಕೊಂಡು ಗ್ರಾಹಕನ ಖಾತೆಗೆ ಹಾಕುತ್ತದೆ. ದುಬಾರಿ ಪಾಯಿಂಟು ಕೊಡುವ ಕಾರ್ಡುಗಳಿಗೆ ಅಂಗಡಿಯವನು ತೆರುವ ಶುಲ್ಕವೂ ಹೆಚ್ಚು. ಅವನು ಅದನ್ನು ಎಲ್ಲಿಂದ ತಂದಾನು? ಮತ್ತೆ ಅದೇ ಬ್ರೆಡ್ಡು, ಹಾಲಿನ ಬೆಲೆಯಿಂದ. ನಗದು ಎಣಿಸಿ ಕೊಡುವ ಕೂಲಿಯವನೂ ಕಾರ್ಡು ಉಜ್ಜುವ ಅಧಿಕಾರಿಯೂ ಅಂಗಡಿಯಲ್ಲಿ ಸಾಮಾನ್ಯವಾಗಿ ಒಂದೇ ಬೆಲೆ ಕೊಡುತ್ತಾರೆ. ಪಾಯಿಂಟು ಸಿಗುವುದು ಒಬ್ಬನಿಗೆ.

ಇದು ನಮ್ಮ ಊಹೆಯಲ್ಲ. ಅಮೆರಿಕದ ಬಾಸ್ಟನ್ನಿನ ಫೆಡರಲ್ ರಿಸರ್ವ್ ಬ್ಯಾಂಕಿನ ಮೂವರು ಅರ್ಥಶಾಸ್ತ್ರಜ್ಞರು 2010ರಲ್ಲಿ ಈ ಲೆಕ್ಕವನ್ನೇ ಹಾಕಿದರು. ನಗದು ಬಳಸುವ ಒಂದು ಕುಟುಂಬ ವರ್ಷಕ್ಕೆ ಸರಾಸರಿ 149 ಡಾಲರನ್ನು ತನಗರಿವಿಲ್ಲದೆ ಕಾರ್ಡು ಬಳಸುವವರಿಗೆ ಕೊಡುತ್ತದೆ, ಕಾರ್ಡು ಬಳಸುವ ಒಂದು ಕುಟುಂಬ 1,133 ಡಾಲರು ಪಡೆಯುತ್ತದೆ ಎಂದು ಅವರು ಕಂಡರು. 2023ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಬೇರೊಂದು ಬಾಗಿಲನ್ನು ತೆರೆಯಿತು. ಕಾರ್ಡು ಇರುವವರೊಳಗೇ ಎರಡು ಪಂಗಡವಿದೆ: ತಿಂಗಳ ಬಿಲ್ಲನ್ನು ಪೂರ್ತಿ ತೀರಿಸಿ ಪಾಯಿಂಟು ಬಾಚುವ ಜಾಣರು ಮತ್ತು ಬಾಕಿ ಉಳಿಸಿ ಬಡ್ಡಿ ಕಟ್ಟುವವರು. ಜಾಣರ ಪಾಯಿಂಟಿಗೆ ಎರಡನೆಯವರ ಬಡ್ಡಿ ಕೂಡ ಹೋಗುತ್ತದೆ. ಹೀಗೆ ಕಡಿಮೆ ಓದಿದವರಿಂದ ಹೆಚ್ಚು ಓದಿದವರಿಗೆ, ಬಡ ಬಡಾವಣೆಗಳಿಂದ ಸಿರಿವಂತ ಬಡಾವಣೆಗಳಿಗೆ ವರ್ಷಕ್ಕೆ ಸುಮಾರು 1,500 ಕೋಟಿ ಡಾಲರು ಹರಿಯುತ್ತದೆ ಎಂಬುದು ಅವರ ಅಂದಾಜು. ಅದೇ 2023ರಲ್ಲಿ ಅಮೆರಿಕನ್ನರ ಕಾರ್ಡು ಸಾಲ ಒಂದು ಲಕ್ಷ ಕೋಟಿ ಡಾಲರನ್ನು ದಾಟಿತ್ತು, ಅದರ ಮೇಲಿನ ಬಡ್ಡಿ ಸರಾಸರಿ ಶೇ. 20ನ್ನು ದಾಟಿತ್ತು.

ಪಾಯಿಂಟು ಬಾಚುವ ಕಲೆಯಲ್ಲಿ ಅಮೆರಿಕನ್ನರು ಮಾಡಿದ ಸಾಹಸಗಳನ್ನು ಓದಿದರೆ ನಗು ಬರುತ್ತದೆ. 1999ರಲ್ಲಿ ಒಂದು ಆಹಾರ ಕಂಪೆನಿ ತನ್ನ ಡಬ್ಬಗಳ ಹತ್ತು ಪಟ್ಟೆಗುರುತು ಕಳುಹಿಸಿದವರಿಗೆ 500 ಮೈಲು, ಬೇಗ ಕಳುಹಿಸಿದರೆ 1,000 ಮೈಲು ಎಂದು ಸಾರಿತು. ಕ್ಯಾಲಿಫೋರ್ನಿಯಾದ ಎಂಜಿನಿಯರೊಬ್ಬರು ಅದೇ ಕಂಪೆನಿಯ 25 ಸೆಂಟಿನ ಪುಡ್ಡಿಂಗ್ ಡಬ್ಬಿಗಳನ್ನು ಊರೂರು ಸುತ್ತಿ 12,150 ಕೊಂಡರು. ಗುರುತುಗಳನ್ನು ಬಿಡಿಸಲು ಆಳು ಸಾಲದಾಗ ಪುಡ್ಡಿಂಗನ್ನೆಲ್ಲ ಧರ್ಮಸಂಸ್ಥೆಗೆ ದಾನ ಕೊಟ್ಟು ಅವರಿಂದಲೇ ಬಿಡಿಸಿದರು, ದಾನಕ್ಕೆ ತೆರಿಗೆ ವಿನಾಯಿತಿಯನ್ನೂ ಪಡೆದರು! ಮೂರು ಸಾವಿರ ಚಿಲ್ಲರೆ ಡಾಲರು ಖರ್ಚಿಗೆ ಬಂದದ್ದು ಹನ್ನೆರಡು ಲಕ್ಷಕ್ಕೂ ಮಿಕ್ಕಿದ ಮೈಲು. 2008ರಲ್ಲಿ ಅಮೆರಿಕದ ಸರಕಾರಿ ಟಂಕಸಾಲೆ ಒಂದು ಡಾಲರಿನ ನಾಣ್ಯಗಳನ್ನು ಚಲಾವಣೆಗೆ ತರಲು ಅವನ್ನು ಮುಖಬೆಲೆಗೇ, ಸಾಗಾಟ ಖರ್ಚಿಲ್ಲದೆ ಮನೆಗೆ ಕಳುಹಿಸತೊಡಗಿತು. ಜನ ಕಾರ್ಡಿನಲ್ಲಿ ಸಾವಿರಗಟ್ಟಲೆ ನಾಣ್ಯ ತರಿಸಿ, ಪೆಟ್ಟಿಗೆ ಸಮೇತ ಬ್ಯಾಂಕಿಗೆ ಜಮಾ ಮಾಡಿ, ಅದೇ ಹಣದಲ್ಲಿ ಕಾರ್ಡಿನ ಬಿಲ್ಲು ತೀರಿಸಿ ಮೈಲು ಉಳಿಸಿಕೊಂಡರು. 2011ರಲ್ಲಿ ಟಂಕಸಾಲೆ ಕಾರ್ಡು ಸ್ವೀಕಾರವನ್ನೇ ನಿಲ್ಲಿಸಬೇಕಾಯಿತು. ಆ ಮೈಲುಗಳ ಸಾಗಾಟದ ಖರ್ಚನ್ನು ಹೊತ್ತದ್ದು ಅಲ್ಲಿನ ಖಜಾನೆ.

ಜರ್ಮನಿಯಲ್ಲಿ ಇದು ನಗುವ ವಿಷಯವಾಗಿ ಉಳಿಯಲಿಲ್ಲ. ಸರಕಾರಿ ಕೆಲಸಕ್ಕೆ ಹಾರಿ ಗಳಿಸಿದ ಮೈಲುಗಳನ್ನು ಸಂಸದರು ಸ್ವಂತ ಪ್ರಯಾಣಕ್ಕೆ ಬಳಸಿದ್ದಾರೆಂದು 2002ರಲ್ಲಿ ಪತ್ರಿಕೆಗಳು ಬಯಲಿಗೆಳೆದವು. ಬರ್ಲಿನ್ ರಾಜ್ಯದ ಆರ್ಥಿಕ ಖಾತೆ ಹೊಂದಿದ್ದ ಗ್ರೆಗೋರ್ ಗೀಜಿ ಹುದ್ದೆ ಬಿಟ್ಟರು. ಗ್ರೀನ್ ಪಕ್ಷದ ಯುವ ನಾಯಕ, ಟರ್ಕಿ ಮೂಲದ ಜೆಮ್ ಓಜ್ದೆಮಿರ್ ಕೂಡ, ಒಂದು ಸಾಲದ ವಿವಾದವೂ ಸೇರಿದ್ದರಿಂದ, ಪಕ್ಷದ ಹೊಣೆಗಾರಿಕೆಯಿಂದ ಕೆಳಗಿಳಿದರು. ಅದೇ ವರ್ಷ ಅಮೆರಿಕದ ತೆರಿಗೆ ಇಲಾಖೆ, ಕೆಲಸದ ಪ್ರಯಾಣದಿಂದ ಬಂದ ಮೈಲುಗಳನ್ನು ಸ್ವಂತಕ್ಕೆ ಬಳಸಿದರೆ ತೆರಿಗೆ ಕೇಳುವುದಿಲ್ಲವೆಂದು ಘೋಷಿಸಿತು. ಮಾಲಿಕನ ಖರ್ಚಿನಲ್ಲಿ ಹಾರಿದ ಮೈಲಿನಿಂದ ಮಕ್ಕಳನ್ನು ಹವಾಯಿಗೆ ಕರೆದೊಯ್ಯುವುದು ಒಂದು ದೇಶದಲ್ಲಿ ರಾಜೀನಾಮೆಯ ವಿಷಯ, ಇನ್ನೊಂದರಲ್ಲಿ ಜಾಣತನ.

2016ರಲ್ಲಿ ಚೇಸ್ ಬ್ಯಾಂಕು ವರ್ಷಕ್ಕೆ 450 ಡಾಲರು ಶುಲ್ಕದ ಹೊಸ ಕಾರ್ಡೊಂದನ್ನು ತಂದು, ಸೇರಿದವರಿಗೆ ಒಂದು ಲಕ್ಷ ಪಾಯಿಂಟು ಕೊಡುವುದಾಗಿ ಹೇಳಿದಾಗ ಕಾರ್ಡು ತಯಾರಿಸುವ ಲೋಹವೇ ಮುಗಿದುಹೋಯಿತು. ಕೊರೊನಾ ಬಂದು ವಿಮಾನಗಳು ನೆಲಕ್ಕಿಳಿದ 2020ರಲ್ಲಿ ಇನ್ನೊಂದು ವಿಚಿತ್ರ ಕಂಡಿತು. ಯುನೈಟೆಡ್ ಏರ್‌ಲೈನ್ಸ್ ಸಾಲಕ್ಕಾಗಿ ಅಡವಿಟ್ಟದ್ದು ತನ್ನ ಮೈಲುಗಳ ಯೋಜನೆಯನ್ನು. ಅದರ ಮೌಲ್ಯವನ್ನು ಸುಮಾರು 2,200 ಕೋಟಿ ಡಾಲರು ಎಂದು ಕಟ್ಟಲಾಯಿತು. ಶೇರುಪೇಟೆಯಲ್ಲಿ ಆಗ ಇಡೀ ಕಂಪೆನಿಗಿದ್ದ ಬೆಲೆ ಅದಕ್ಕಿಂತ ಕಡಿಮೆ! ಬಾಲವೇ ನಾಯಿಯನ್ನು ಅಲ್ಲಾಡಿಸುವುದೆಂದರೆ ಇದೇ ಇರಬೇಕು.

ಎಲ್ಲ ದೇಶಗಳೂ ಸುಮ್ಮನಿರಲಿಲ್ಲ. ಆಸ್ಟ್ರೇಲಿಯಾದ ರಿಸರ್ವ್ ಬ್ಯಾಂಕು 2003ರಲ್ಲಿ, ಐರೋಪ್ಯ ಒಕ್ಕೂಟ 2015ರಲ್ಲಿ ಬ್ಯಾಂಕುಗಳ ನಡುವಿನ ಈ ಶುಲ್ಕಕ್ಕೆ ಮಿತಿ ಹಾಕಿದವು. ಐರೋಪ್ಯ ಮಿತಿ ಕ್ರೆಡಿಟ್ ಕಾರ್ಡಿಗೆ ಶೇ. 0.3, ಡೆಬಿಟ್ ಕಾರ್ಡಿಗೆ ಶೇ. 0.2. ಅಲ್ಲೆಲ್ಲ ಪಾಯಿಂಟುಗಳು ಸೊರಗಿದವು. ಅಮೆರಿಕ 2011ರಲ್ಲಿ ಡೆಬಿಟ್ ಕಾರ್ಡಿಗೆ ಮಾತ್ರ ಮಿತಿ ಹಾಕಿತು, ಡೆಬಿಟ್ ಕಾರ್ಡಿನ ಪಾಯಿಂಟುಗಳು ಬಹುಪಾಲು ಮಾಯವಾದವು. ಬಾವಿಗೆ ನೀರು ಎಲ್ಲಿಂದ ಬರುತ್ತಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ನಮ್ಮ ದೇಶಕ್ಕೆ ಬ್ಯಾಂಕಿನ ಕ್ರೆಡಿಟ್ ಕಾರ್ಡನ್ನು ತಂದದ್ದು ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ, 1980ರಲ್ಲಿ. ಚಾಲ್ತಿಯಲ್ಲಿರುವ ಕಾರ್ಡುಗಳ ಸಂಖ್ಯೆ 10 ಕೋಟಿ ದಾಟಿದ್ದು 2024ರ ಫೆಬ್ರವರಿಯಲ್ಲಿ. ಈ ನಡುವೆ 2020ರ ಜನವರಿಯಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿನ ವ್ಯವಹಾರಕ್ಕೆ ವ್ಯಾಪಾರಿಯಿಂದ ಶುಲ್ಕ ಪಡೆಯಕೂಡದೆಂದು ಸರಕಾರ ನಿಯಮ ತಂದಿತು. ಮೀನು ಮಾರುವವಳ ಬುಟ್ಟಿಯ ಬದಿಯಲ್ಲಿ ನೇತಾಡುವ ಚೌಕದ ಚಿತ್ರಕ್ಕೆ ನಾವು ಹಣ ಹಾಕಿದಾಗ ಅವಳ ನೂರು ರೂಪಾಯಿ ನೂರಾಗಿಯೇ ತಲುಪುತ್ತದೆ. ಅದೂ ಪುಕ್ಕಟೆಯಲ್ಲ, 2024-25ನೇ ಸಾಲಿಗೆ ಬ್ಯಾಂಕುಗಳಿಗೆ ಪ್ರೋತ್ಸಾಹಧನವಾಗಿ ಸುಮಾರು 1,500 ಕೋಟಿ ರೂಪಾಯಿಯನ್ನು ಕೇಂದ್ರ ಸಂಪುಟ ಮಂಜೂರು ಮಾಡಿತು. ಅದು ತೆರಿಗೆದಾರನ ಹಣ.

ನಮ್ಮ ಕರಾವಳಿಗೆ ಇದರ ತೀರ ವಿರುದ್ಧವಾದ ಇನ್ನೊಂದು ಲೆಕ್ಕ ಗೊತ್ತಿತ್ತು. ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲಿ ಕಾರ್ಪೊರೇಶನ್ ಬ್ಯಾಂಕಿನ ಮೂಲ ಸಂಸ್ಥೆಯನ್ನು ಹುಟ್ಟುಹಾಕಿದ ಅದೇ ಉಡುಪಿಯಲ್ಲಿ, 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ ಹುಟ್ಟಿತು. 1928ರಲ್ಲಿ ಅದು ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನ ಮನುಷ್ಯ ಮನೆಬಾಗಿಲಿಗೆ ಬಂದು ಪಡೆಯುತ್ತಿದ್ದ. ಎರಡೂ ಬ್ಯಾಂಕುಗಳು 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಪಿಗ್ಮಿಯಲ್ಲಿ ಪ್ರವಾಸ ಮಾಡಬೇಕಾದರೆ ಖರ್ಚು ಮಾಡದೆ ಉಳಿಸಬೇಕಿತ್ತು. ಪಾಯಿಂಟಿನಲ್ಲಿ ಪ್ರವಾಸ ಮಾಡಬೇಕಾದರೆ ಮೊದಲು ಖರ್ಚು ಮಾಡಬೇಕು. ಎಲೆಯಡಿಕೆ ಕುಟ್ಟುತ್ತಿದ್ದ ಆ ತಾಯಿ ಬೀಡಿ ಕಟ್ಟಿ ಪಿಗ್ಮಿಗೆ ಹಾಕಿ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದವರು. ಅವರಿಗೆ ಆ ಪ್ರಶ್ನೆ ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ಬಂಧುವಿನ ಮೇಲೆ ನಮಗೆ ಯಾವ ದೂರೂ ಇಲ್ಲ. ಅವರು ಪ್ರತಿ ತಿಂಗಳೂ ಬಿಲ್ಲು ಪೂರ್ತಿ ತೀರಿಸುವವರು, ಒಂದು ದಿರ್ಹಮ್ ಬಡ್ಡಿ ಕಟ್ಟಿದವರಲ್ಲ. ತಾವು ಬಡ್ಡಿಯಿಂದ ದೂರವಿದ್ದೇನೆ ಎಂಬ ಸಮಾಧಾನ ಅವರಿಗಿತ್ತು. ಅವರ ಮರದ ಮನೆಯ ಬಾಡಿಗೆಯಲ್ಲಿ ಎಷ್ಟಂಶ ಅಂಗಡಿಯವನದು, ಎಷ್ಟಂಶ ಬಿಲ್ಲು ತೀರಿಸಲಾಗದೆ ಬಡ್ಡಿ ಕಟ್ಟಿದ ಸಹೋದ್ಯೋಗಿಯದು ಎಂದು ಬಿಡಿಸಿ ಹೇಳಲು ಯಾರಿಂದಲೂ ಆಗದು. ಈ ಲೇಖನದ ಸಾರವನ್ನು ಫೋನಿನಲ್ಲಿ ಹೇಳಿದಾಗ ಅವರು ತುಸು ಹೊತ್ತು ಸುಮ್ಮನಿದ್ದರು. ಆಮೇಲೆ, ಕಳೆದ ತಿಂಗಳಿಂದ ಅದೇ ಹೋಟೆಲಿನ ಒಂದು ರಾತ್ರಿಗೆ ಬೇಕಾದ ಪಾಯಿಂಟುಗಳನ್ನು ಏರಿಸಿದ್ದಾರೆಂದೂ, ಉಳಿದಿರುವ ಸ್ವಲ್ಪ ಪಾಯಿಂಟು ಡಿಸೆಂಬರಿಗೆ ರದ್ದಾಗುತ್ತದೆಂದೂ, ಅದನ್ನು ಉಳಿಸಿಕೊಳ್ಳಲು ಕಾರ್ಡಿನಲ್ಲಿ ಏನನ್ನಾದರೂ ಕೊಳ್ಳಲೇಬೇಕೆಂದೂ ಹೇಳಿದರು. ತಾಯಿಗೆ ಒಂದು ಮಿಕ್ಸಿ ಕೊಳ್ಳುತ್ತಾರಂತೆ. ಮನೆಯಲ್ಲಿ ಈಗಾಗಲೇ ಎರಡಿವೆ.